ಮಣ್ಣು ಮುಟ್ಟಿದರೆ ಮಡಿ

ನಾನು ಮೋಟರು ನೋಡಿಕೊಳ್ಳುವ ಕಟ್ಟಡದ ಅಮ್ಮ ತೀರಿಕೊಂಡ ದಿನವೇ ಅಲ್ಲಿನ ಮೋಟರೂ ನಿಂತಿತು. ಅವರ ಸೊಸೆ ಫೋನ್ ಮಾಡಿ, "ಅಣ್ಣಾ, ಅತ್ತೆ ಹೋಗ್ಬಿಟ್ರು" ಎಂದು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಬರ್ತಾ ಟೂಲ್ ಬಾಕ್ಸ್ ಎತ್ಕೊಂಡು ಬನ್ನಿ. ಮೇಲಿನ ಟ್ಯಾಂಕಲ್ಲಿ ಒಂದು ಹನಿ ನೀರಿಲ್ಲ" ಎಂದಳು. ನನ್ನನ್ನು ಕರೆದದ್ದು ಸಾವಿಗೋ ಮೋಟರಿಗೋ ಇವತ್ತಿಗೂ ಗೊತ್ತಿಲ್ಲ.

ಹೋದವನು ಮೊದಲು ಮೋಟರು ಬಿಚ್ಚಿದೆ. ಒಳಗೆ ಮಂತ್ರ, ಹೊರಗೆ ನನ್ನ ಸ್ಪ್ಯಾನರಿನ ಸದ್ದು. ಬಂಧುಗಳಲ್ಲಿ ಯಾರೋ ಹುಬ್ಬು ಗಂಟಿಕ್ಕಿದರು. ಅಮ್ಮ ಬದುಕಿದ್ದರೆ ಅವರಿಗೆ ಹೇಳುತ್ತಿದ್ದರು: "ಹೆಣ ಎಲ್ಲಿಗೂ ಓಡಿಹೋಗಲ್ಲ, ನೀರು ಓಡಿಹೋಗುತ್ತೆ. ಅವನ ಕೆಲಸ ಅವನು ಮಾಡ್ಲಿ ಬಿಡಿ." ಟ್ಯಾಂಕಿಗೆ ನೀರು ಏರಿದ ಮೇಲೆ ಕೈ ತೊಳೆದುಕೊಂಡು ಒಳಗೆ ಹೋಗಿ ಮುಖ ನೋಡಿದೆ. ಬಾಯಿ ಮುಚ್ಚಿಕೊಂಡಿದ್ದ ಅಮ್ಮನನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಏಳನೇ ಕ್ಲಾಸಿಗೆ ಪುಸ್ತಕ ಮುಚ್ಚಿದವನು. ನಮ್ಮಪ್ಪ ಮಾಲೂರಿನ ಕಡೆಯಿಂದ ಬಂದು ಮದ್ರಾಸಿನ ಅಂಬತ್ತೂರಿನ ಕಾರ್ಖಾನೆಯಲ್ಲಿ ಲೋಡು ಹೊತ್ತ. ನಾನು ಅಲ್ಲೇ ಒಂದು ಶೆಡ್ಡಿನಲ್ಲಿ ಮೋಟರು ವೈಂಡಿಂಗ್ ಕಲಿತೆ, ಜೊತೆಗೆ ಪೈಪು ಕೆಲಸವನ್ನೂ ಕಲಿತೆ, ಆಮೇಲೆ ವಡಪಳನಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ನಾನು ತಾಮ್ರ ಸುತ್ತಿದ ಮೋಟರು ಮತ್ತೆ ನನ್ನ ಅಂಗಡಿಗೆ ಬಂದರೆ ನನ್ನ ಯೋಗಕ್ಷೇಮ ವಿಚಾರಿಸಲು ಬಂದಿರಬೇಕೇ ಹೊರತು ರಿಪೇರಿಗಲ್ಲ. ಇದನ್ನು ಜಂಬ ಎಂದರೆ ಜಂಬವೇ. ಆದರೆ ಬೆವರು ಸುರಿಸಿ ಸಂಪಾದಿಸಿದ ಜಂಬ, ಮಾವನ ಮನೆಯಿಂದ ಬಂದದ್ದಲ್ಲ.

ಅಮ್ಮನದು ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಮಾಧ್ವರ ಮನೆ. ಗಂಡ ಹೋದ ಮೇಲೆ ಹಳೇ ಮನೆಯ ಜಾಗವನ್ನು ಬಿಲ್ಡರನಿಗೆ ಕೊಟ್ಟರು. ಅವನು ಮೂರು ಮಹಡಿ ಎಬ್ಬಿಸಿ, ಕೆಳಗಿನ ಮನೆ ಇವರಿಗೆ ಬಿಟ್ಟ. ಅಮ್ಮ ಹಾಕಿದ ಷರತ್ತು ಒಂದೇ: ಹಿತ್ತಲ ಬಾವಿಯನ್ನು ಯಾರೂ ಮುಟ್ಟಕೂಡದು. ಮದುವೆಯಾಗಿ ಬಂದ ದಿನದಿಂದ ಅವರು ಹಗ್ಗ ಹಾಕಿ ನೀರು ಸೇದಿದ ಬಾವಿ ಅದು. ನಲ್ಲಿ ನೀರಾಗಲಿ ಟ್ಯಾಂಕಿನ ನೀರಾಗಲಿ ಅವರ ಅಡುಗೆಗೆ ನಡೆಯದು. ನಲ್ಲಿಯೊಳಗೆ ಚರ್ಮದ ವಾಷರು ಇರುತ್ತದೆ, ಮೈಲಿಗೆ ಎಂಬುದು ಅವರ ಅತ್ತೆಯ ಕಾಲದ ತೀರ್ಮಾನ.

"ಈಗ ಚರ್ಮದ್ದು ಯಾರೂ ಹಾಕಲ್ಲಮ್ಮ. ಎಲ್ಲಾ ರಬ್ಬರು" ಎಂದು ಒಂದು ವಾಷರನ್ನೇ ಬಿಚ್ಚಿ ತೋರಿಸಿದ್ದೆ.

"ರಬ್ಬರು ಯಾವ ಗೋತ್ರವೋ ಯಾರಿಗೆ ಗೊತ್ತು" ಎಂದು ಮುಗಿಸಿದರು.

ನನಗೆ ಅವರು ಇಟ್ಟ ಹೆಸರು ಮೋಟಾರಪ್ಪ. ಮೊದಲ ಸಲ ಕೆಲಸಕ್ಕೆ ಹೋದಾಗ ಬಾವಿಕಟ್ಟೆಯ ಮೇಲೆ ಒಂದು ಸೊಟ್ಟ ಅಲ್ಯೂಮಿನಿಯಂ ಲೋಟ ಇಟ್ಟು, ದೂರದಿಂದ ಕಾಫಿ ಹೊಯ್ಯಲು ಬಂದರು.

"ಯಾರದಮ್ಮ ಈ ಲೋಟ?"

"ನಿನ್ನಂಥೋರಿಗೇಂತ ಇಟ್ಟಿರೋದು."

"ನನ್ನಂಥೋನು ಈ ಊರಲ್ಲಿ ನಾನೊಬ್ಬನೇ. ನನ್ನ ಲೋಟ ನಾನೇ ತರ್ತೀನಿ."

ಮಾರನೇ ದಿನ ಹೊಸ ಸ್ಟೀಲ್ ಲೋಟ ಕೊಂಡು, ಟೂಲ್ ಬಾಕ್ಸಿನಲ್ಲಿಟ್ಟುಕೊಂಡು ಹೋದೆ. ಅವರು ಹೊಯ್ಯುವಾಗ ಕಾಫಿ ಪಾತ್ರೆಯ ಅಂಚು ನನ್ನ ಲೋಟಕ್ಕೆ ತಾಕಿತು. ಕುಡಿದವನು ಅವರೆದುರಿಗೇ ಲೋಟವನ್ನು ತಿಕ್ಕಿ ತಿಕ್ಕಿ ತೊಳೆದೆ. "ನಿಮ್ಮ ಪಾತ್ರೆ ತಾಕ್ತು, ಮೈಲಿಗೆ. ಇನ್ಮೇಲೆ ಸ್ವಲ್ಪ ಎತ್ತರದಿಂದ ಹುಯ್ಯಿರಿ. ನನ್ನ ಟೂಲ್ ಬಾಕ್ಸೂ ಮುಟ್ಟಬೇಡಿ" ಎಂದೆ.

ಬೇರೆ ಯಾರಾದರೂ ಆಗಿದ್ದರೆ ಆವತ್ತೇ ನನ್ನನ್ನು ಗೇಟಿನಿಂದಾಚೆ ಅಟ್ಟುತ್ತಿದ್ದರು. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಂದು ಯಾವ ಮಠದ ಮಡಿಯೋ?"

"ಅಂಬತ್ತೂರು ಮಠ."

ಅವರು ನಕ್ಕರೆ ಸದ್ದು ಬರುತ್ತಿರಲಿಲ್ಲ, ಹೊಟ್ಟೆ ಮಾತ್ರ ಕುಣಿಯುತ್ತಿತ್ತು. ಆವತ್ತಿನಿಂದ ಇಬ್ಬರ ಮಡಿಯೂ ಸಮಸಮ ನಡೆಯಿತು. ಮಡಿಸೀರೆಯನ್ನು ಗಳಕ್ಕೆ ಏರಿಸುವ ಕೋಲೊಂದು ಅವರ ಕೈಯಲ್ಲಿ ಸದಾ ಇರುತ್ತಿತ್ತು. ಅದರಿಂದಲೇ ಕಾಗೆ ಓಡಿಸುವುದು, ಗೇಟು ತಳ್ಳುವುದು, ನಾನು ಬಿಟ್ಟುಹೋದ ಬೋಲ್ಟನ್ನು "ಅಗೋ ಅಲ್ಲಿದೆ ನಿನ್ನ ಸಾಲಿಗ್ರಾಮ" ಎಂದು ತೋರಿಸುವುದು.

ಬಾವಿಯ ಜೊತೆ ಅವರು ಮಾತಾಡುತ್ತಿದ್ದರು. ಮೊಮ್ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ಮಗ ರೈಲ್ವೆಯಲ್ಲಿದ್ದ, ಮನೆಯಲ್ಲಿ ಇದ್ದದ್ದಕ್ಕಿಂತ ಹಳಿಯ ಮೇಲೆ ಇದ್ದದ್ದೇ ಹೆಚ್ಚು. "ಬಾವಿ ಹತ್ರ ಏನಮ್ಮ ಅಷ್ಟು ಮಾತು?" ಎಂದು ಕೇಳಿದರೆ, "ನಾನು ಹೇಳಿದ್ದನ್ನೇ ಅದು ತಿರುಗಿ ಹೇಳುತ್ತೆ ಕಣೋ. ಸೊಸೆ ಹಾಗಾ?" ಎನ್ನುತ್ತಿದ್ದರು. ಒಳಗಿನಿಂದ ಸೊಸೆ, "ಕೇಳಿಸ್ತು ಅತ್ತೇ" ಎಂದರೆ, "ಕೇಳ್ಲಿ ಅಂತಲೇ ಹೇಳಿದ್ದು ಕಣೇ" ಎಂಬ ಉತ್ತರ ತಯಾರಿರುತ್ತಿತ್ತು. ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟು ಅನ್ನ ಇಳಿಯುತ್ತಿರಲಿಲ್ಲ.

ಮಹಡಿಯ ಮೇಲೆ ಬಿದ್ದ ಮಳೆ ನೀರು ಪೈಪಿನಲ್ಲಿ ಇಳಿದು ಆ ಬಾವಿಗೆ ಸೇರುವ ಹಾಗೆ ಬಿಲ್ಡರ್ ಮಾಡಿಕೊಟ್ಟಿದ್ದ. ಈ ಊರಿನ ಕಾಯಿದೆ ಅದು. ಒಂದು ದಿನ ಅಮ್ಮ ನನ್ನನ್ನು ಕರೆಸಿ, ಕೋಲನ್ನು ಆ ಪೈಪಿಗೆ ಕುಟ್ಟಿ ಹೇಳಿದರು: "ಇದನ್ನ ಕತ್ತರಿಸು."

"ಯಾಕಮ್ಮ?"

"ಮೂರನೇ ಮಹಡಿಯೋಳು ಮೇಲೆ ಕರುವಾಡು ಒಣಗಿಸ್ತಾಳೆ. ಒಣಮೀನು ತೊಳೆದ ನೀರು ನನ್ನ ಬಾವಿಗಾ? ಥೂ!"

"ಮಳೆನೀರು ಬರದೆ ಬಾವಿ ಬತ್ತಿಹೋಗುತ್ತೆ, ನೋಡಿ."

"ಬಾವಿಗೆ ಭೂಮಿತಾಯಿ ಇದ್ದಾಳೆ. ನಿನ್ನ ಪೈಪು ಬೇಡ."

ಕರುವಾಡು ನನ್ನ ಮನೆಯಲ್ಲೂ ಒಣಗುತ್ತದೆ ಎಂದೆ. ಅದಕ್ಕೇ ನಿನಗೆ ವಾಸನೆ ಗೊತ್ತಾಗಲ್ಲ ಎಂದರು. ಮನೆ ಅವರದು, ಬಾವಿ ಅವರದು. ಪೈಪು ಕತ್ತರಿಸಿ, ಬಾಯಿಗೆ ಮುಚ್ಚಳ ಹಾಕಿ, ನೀರನ್ನು ಬೀದಿಯ ಮೋರಿಗೆ ತಿರುಗಿಸಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಆಮೇಲೆ ಎಷ್ಟೋ ಮಳೆಗಾಲ ಆ ಮಹಡಿಯ ನೀರೆಲ್ಲ ಮೋರಿ ಸೇರಿ ಸಮುದ್ರಕ್ಕೆ ಹೋಯಿತು. ಸಮುದ್ರದಲ್ಲಿ ಮೀನಿಗೇನು ಬರವಿಲ್ಲವಲ್ಲ.

ಆಮೇಲೆ ಬಂತು ಆ ಬೇಸಿಗೆ. ಹಿಂದಿನ ವರ್ಷ ತಮಿಳರ ಮಳೆಗಾಲದ ಐಪ್ಪಸಿ, ಕಾರ್ತಿಕ ಎರಡೂ ತಿಂಗಳು ಮಳೆ ಕೈಕೊಟ್ಟಿತ್ತು. ಊರಿಗೆ ನೀರು ಕೊಡುವ ಕೆರೆಗಳು ಒಣಗಿ, ಮಕ್ಕಳು ಅಲ್ಲಿ ಕ್ರಿಕೆಟ್ ಆಡಿದರು. ಬೀದಿಬೀದಿಯಲ್ಲಿ ಪ್ಲಾಸ್ಟಿಕ್ ಕೊಡಗಳ ಸಾಲು, ಹಳದಿ, ಹಸಿರು, ಕೆಂಪು, ಮದುವೆಮನೆಯ ತೋರಣದ ಹಾಗೆ. ಹೋಟೆಲಿನಲ್ಲಿ ತಟ್ಟೆ ಹೋಗಿ ಎಲೆ ಬಂತು. ಬರ ಎಂದರೆ ಎಲ್ಲರಿಗೂ ಅಳು, ನನಗೆ ಮಾತ್ರ ಸುಗ್ಗಿ. ನೀರಿಲ್ಲದೆ ಗಾಳಿ ಎಳೆದ ಮೋಟರು ಸುಟ್ಟುಹೋಗುತ್ತದೆ. ಆ ಬೇಸಿಗೆಯಲ್ಲಿ ಸುಟ್ಟ ಮೋಟರುಗಳು ನನ್ನ ಅಂಗಡಿಯ ಬಾಗಿಲಲ್ಲಿ ಧರ್ಮಾಸ್ಪತ್ರೆಯ ರೋಗಿಗಳ ಹಾಗೆ ಮಲಗಿದ್ದವು.

ಅಮ್ಮನ ಬಾವಿ ಬತ್ತಿತು. ಕೊಡ ಕೆಳಗೆ ಹೋಗಿ ಠಣ್ ಎಂದಿತು. ಎರಡು ದಿನ ಅಮ್ಮ ಹಾಲು, ಬಾಳೆಹಣ್ಣಿನಲ್ಲೇ ಕಳೆದರು. "ಟ್ಯಾಂಕರ್ ಲಾರಿ ನೀರಲ್ಲಿ ಅಡುಗೆ ಮಾಡಿ ಅತ್ತೇ, ದೇವರು ಏನೂ ಅನ್ಕೊಳಲ್ಲ" ಎಂದು ಸೊಸೆ ಗೋಗರೆದಳು. "ದೇವರು ಅನ್ಕೊಳಲ್ಲ ಕಣೆ. ಆದರೆ ನಿಮ್ಮತ್ತೆಯ ಅತ್ತೆ ಮೇಲಿಂದ ನೋಡ್ತಿದ್ದಾಳೆ" ಎಂದರು ಅಮ್ಮ.

ಮೂರನೇ ದಿನ ಬೆಳಿಗ್ಗೆ ಕಟ್ಟಡದ ನೆಲದಡಿಯ ಸಂಪು ತುಂಬಲು ನೀರಿನ ಲಾರಿ ಬಂತು. ಎಂಟು ಮನೆಯವರು ಸೇರಿ, ಎಷ್ಟೋ ದಿನ ಕಾದು ತರಿಸಿಕೊಂಡ ಲಾರಿ. ಅಮ್ಮ ಗೇಟಿನಲ್ಲಿ ಕೋಲು ಅಡ್ಡ ಹಿಡಿದು ನಿಂತರು. ಡ್ರೈವರನ ಕೈಯಲ್ಲಿದ್ದ ಹೋಸನ್ನು ಬಾವಿಯ ಕಡೆ ತೋರಿಸಿ, ಅಲ್ಲಿ ಬಿಡು ಎಂದರು.

"ಕಿಣತ್ತುಲೆಯಾ ಪಾಟೀ?" ಬಾವಿಯೊಳಕ್ಕಾ ಅಜ್ಜೀ ಎಂದು ಆ ಬಡಪಾಯಿ ಎರಡು ಸಲ ಕೇಳಿದನಂತೆ. ಹೌದೆಂದರು. ಬಿಟ್ಟ. ಲಾರಿ ಖಾಲಿಯಾಯಿತು.

ಇದರ ಹಿಂದೆ ಒಂದು ಶಾಸ್ತ್ರವಿತ್ತು. ಲಾರಿಯ ನೀರು ಮೈಲಿಗೆ. ಆದರೆ ಮಣ್ಣು ಮುಟ್ಟಿದ್ದೆಲ್ಲ ಮಡಿ. ಲಾರಿಯ ನೀರನ್ನು ಬಾವಿಗೆ ಸುರಿದು, ಮತ್ತೆ ಹಗ್ಗದಲ್ಲಿ ಸೇದಿದರೆ ಅದು ಬಾವಿಯ ನೀರೇ ಆಯಿತಲ್ಲ! ಆದರೆ ಮಡಿಯಾಗದೆ ಸೇದುವ ಹಾಗಿಲ್ಲ, ಹೀಗೆ ಲೆಕ್ಕ ಹಾಕಿ ಅಮ್ಮ ಮನೆಯಲ್ಲಿ ಉಳಿದಿದ್ದ ಒಂದು ಬಕೆಟ್ ನೀರು ಹಿಡಿದು ಸ್ನಾನಕ್ಕೆ ಹೋದರು. ಅವರ ಸ್ನಾನ, ಮಡಿ, ಪೂಜೆ ಎಂದರೆ ಅಷ್ಟರಲ್ಲಿ ಒಂದು ಸಿನಿಮಾ ಇಂಟರ್ವಲ್ ಸಮೇತ ನೋಡಿ ಬರಬಹುದು. ವರ್ಷಗಟ್ಟಲೆ ಬಾಯಾರಿದ್ದ ಮರಳುತಳ ಅಷ್ಟು ಹೊತ್ತು ಕಾಯುತ್ತದೆಯೇ? ಅವರು ಒದ್ದೆ ಸೀರೆಯಲ್ಲಿ ಬಂದು ಕೊಡ ಇಳಿಸಿದಾಗ ಮತ್ತೆ ಠಣ್. ಮೇಲಕ್ಕೆ ಬಂದದ್ದು ಒಂದು ಬೊಗಸೆ ಕೆಸರು.

ಸಂಪಿನ ಹತ್ತಿರ ಕೊಡ ಹಿಡಿದು ಬಂದ ಎಂಟು ಮನೆಯವರು ಹಿತ್ತಲಿಗೆ ನುಗ್ಗಿದಾಗ, ಅಮ್ಮ ಬಾವಿಯೊಳಕ್ಕೆ ಬಗ್ಗಿ ಬೈಯುತ್ತಿದ್ದರು: "ಎಲ್ಲಾ ಕುಡಿದುಬಿಟ್ಯಾ ಮುಂಡೇದೇ? ಒಂದು ಕೊಡ ಬಿಡಬಾರದಿತ್ತಾ?" ಬಾವಿಯೂ ಅದನ್ನೇ ತಿರುಗಿ ಕೇಳುತ್ತಿತ್ತು.

ಆ ಸಂಜೆ ಸಭೆ ಸೇರಿತು. ಕಟ್ಟಡದ ಸಂಘದ ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದ ರಾಯರು, ಧಾರವಾಡದವರು. ನನ್ನನ್ನು ಸಂಪು ನೋಡಲು ಕರೆಸಿದ್ದರಿಂದ ನಾನೂ ಅಲ್ಲೇ ಇದ್ದೆ.

"ಅಮ್ಮಾರ, ಭಾಳ ಆತು ಇದು," ಎಂದರು ರಾಯರು. "ಬಾವ್ಯಾಗ ನೀರಿಲ್ಲ, ಇದ್ದ ನೀರನೂ ಅದು ಕುಡೀತದ. ಮುಚ್ಚಿ ಬಿಡೂಣು. ಎರಡು ಕಾರ್ ನಿಲ್ಲತಾವ ಅಲ್ಲೆ."

"ಕಾರು ಹಿಂಡಿದರೆ ನೀರು ಬರುತ್ತಾ ರಾಯರೇ?"

"ಬತ್ತಿದ ಬಾವಿ ಹಿಂಡಿದ್ರೂ ಬರೂದಿಲ್ರೀ."

ಯಾರೂ ನಗಲಿಲ್ಲ. ಬೆಳಿಗ್ಗೆಯಿಂದ ಮುಖ ತೊಳೆಯದವರು ಹೇಗೆ ನಗುತ್ತಾರೆ? ಬಾವಿ ಮುಚ್ಚಲು ಎಲ್ಲರೂ ಕೈ ಎತ್ತಿದರು, ಮೂರನೇ ಮಹಡಿಯ ಕರುವಾಡಿನ ಅಕ್ಕನೂ ಎತ್ತಿದಳು. ಅಮ್ಮನ ಮುಖ ಮೊದಲ ಸಲ ಸಣ್ಣದಾದದ್ದನ್ನು ಕಂಡೆ. ಬಿಲ್ಡರನಿಗೆ ಹಾಕಿದ ಷರತ್ತನ್ನು ಎತ್ತಲಿಲ್ಲ. ಎಂಟು ಮನೆಯ ನೀರು ಚೆಲ್ಲಿದ ಮೇಲೆ ಯಾವ ಬಾಯಲ್ಲಿ ಎತ್ತುವುದು? ಕೋಲು ಊರಿಕೊಂಡು ಎದ್ದು, "ನೀರು ತುಂಬೋ ಹಬ್ಬದವರೆಗೆ ಬಿಡಿ ರಾಯರೇ. ಆವತ್ತು ಹಂಡೆ ತುಂಬೋಷ್ಟು ನೀರು ಬಾವಿಯಲ್ಲಿ ಇರದಿದ್ದರೆ ಮಾರನೇ ದಿನ ನಾನೇ ಮೊದಲ ಕಲ್ಲು ಹಾಕ್ತೀನಿ" ಎಂದರು.

ದೀಪಾವಳಿಯ ಹಿಂದಿನ ಸಂಜೆ ಹಂಡೆಗೆ ನೀರು ತುಂಬಿ ಪೂಜೆ ಮಾಡುವುದು ನಮ್ಮ ಕನ್ನಡದವರ ಹಬ್ಬ. ರಾಯರ ಮನೆಯಲ್ಲೂ ಇತ್ತು. ಆ ಹಬ್ಬದ ಹೆಸರು ಹೇಳಿದ ಮೇಲೆ ಅವರೂ ಇಲ್ಲವೆನ್ನಲಾರದೆ, "ಆತು, ಅಲ್ಲೀತನಕಾ" ಎಂದರು.

ಮಾರನೇ ದಿನ ನಾನು ಅಮ್ಮನಿಗೆ ನೇರವಾಗಿ ಹೇಳಿದೆ. "ಮಳೆ ಬಂದರೂ ನಿಮ್ಮ ಬಾವಿಗೆ ಬರಲ್ಲ. ಸುತ್ತ ಎಲ್ಲಾ ಸಿಮೆಂಟು. ಇರೋದು ಒಂದೇ ದಾರಿ, ನೀವು ಕತ್ತರಿಸಿದ ಆ ಪೈಪು."

"ಕರುವಾಡು?"

"ಮಣ್ಣು ಮುಟ್ಟಿದ್ದೆಲ್ಲ ಮಡಿ ಅಂತ ಲಾರಿಗೆ ಹೇಳಿದೋರು ಯಾರು? ಬಾವಿಗೆ ಮುಂಚೆ ಒಂದು ಗುಂಡಿ ಕಟ್ತೀನಿ. ಜಲ್ಲಿ, ಇದ್ದಿಲು, ಮರಳು. ಮಹಡಿ ನೀರು ಅದರಲ್ಲಿ ಸೋಸಿ, ಮರಳು ಮುಟ್ಟಿಕೊಂಡೇ ಒಳಗೆ ಹೋಗುತ್ತೆ."

ಅಮ್ಮ ಪೈಪಿನ ಮುಚ್ಚಳವನ್ನು ಕೋಲಿನಿಂದ ಕುಟ್ಟಿದರು. "ಇದ್ದಿಲು ಎಲ್ಲೀದು? ಮಸಣದ್ದಲ್ಲ ತಾನೇ?"

"ಟೀ ಅಂಗಡೀದು."

"ಅದಕ್ಕಿಂತ ಮಸಣದ್ದೇ ವಾಸಿ," ಎಂದರು. ಅಂದರೆ ಒಪ್ಪಿದರು ಎಂದು ಅರ್ಥ.

ಆದರೂ ಅವರಿಗೆ ಸಮಾಧಾನವಿಲ್ಲ. ಗಳಕ್ಕೆ ಸೀರೆ ಏರಿಸಲು ಬಿಟ್ಟರೆ ತಲೆಯೆತ್ತಿ ಮೇಲೆ ನೋಡದ ಅಮ್ಮ, ಮಂಡಿ ಹಿಡಿದುಕೊಂಡು ಮೂರು ಮಹಡಿ ಹತ್ತಿದರು. ಬಿದ್ದರೆ ಹಿಡಿಯಲು ನಾನು ಹಿಂದೆ. "ಹಿಡೀಬೇಡ, ಮೈಲಿಗೆ" ಎಂದರು ಅವರು. "ನೀವು ನನ್ನ ಮೇಲೆ ಬಿದ್ದರೆ ನನಗೂ ಮೈಲಿಗೆ, ಜಾಗ ಬಿಟ್ಟು ಬೀಳಿ" ಎಂದೆ ನಾನು.

ಮೂರನೇ ಮಹಡಿಯ ಅಕ್ಕ ಬಾಗಿಲು ತೆರೆದು ಗಾಬರಿಯಾದಳು. ಆ ಮನೆಯ ಹೊಸಿಲಿಗೆ ಅಮ್ಮ ಅದುವರೆಗೆ ಬಂದದ್ದೇ ಇಲ್ಲ. ಅಮ್ಮ ತಮಿಳಿನಲ್ಲಿ, ಮಳೆಗಾಲ ಮುಗಿಯುವವರೆಗೆ ಮಹಡಿಯ ಮೇಲೆ ಕರುವಾಡು ಒಣಗಿಸಬೇಡಮ್ಮಾ ಎಂದು ಕೇಳಿಕೊಂಡರು. ಆಜ್ಞೆ ಮಾಡಿ ಬದುಕಿದವರು ಕೇಳಿಕೊಳ್ಳುವಾಗ ದನಿ ಎಷ್ಟು ವಿಚಿತ್ರ ಕೇಳುತ್ತದೆ!

ಆ ಅಕ್ಕ ಕಣ್ಣರಳಿಸಿದಳು. "ಎನ್ನ ಮಾಮಿ! ಮಳೆಕಾಲತ್ತುಲೆ ಯಾರು ಕರುವಾಡು ಕಾಯವೆಪ್ಪಾಂಗ?"

ಮಳೆಗಾಲದಲ್ಲಿ ಯಾರು ಒಣಮೀನು ಒಣಗಿಸುತ್ತಾರೆ, ಮಾಮಿ?

ನಾನು ಅಮ್ಮನ ಮುಖ ನೋಡಿದೆ. ಅಮ್ಮ ನನ್ನ ಮುಖ ನೋಡಿದರು. ಕರುವಾಡು ಒಣಗುವುದು ಬಿಸಿಲಿಗೆ. ಬಿಸಿಲಿದ್ದಾಗ ಪೈಪಿನಲ್ಲಿ ನೀರಿಲ್ಲ, ಪೈಪಿನಲ್ಲಿ ನೀರಿದ್ದಾಗ ಮಹಡಿಯಲ್ಲಿ ಮೀನಿಲ್ಲ. ಇದು ಕರುವಾಡು ತಿನ್ನುವ ನನ್ನ ಬುದ್ಧಿಗೂ ಹೊಳೆದಿರಲಿಲ್ಲ, ತಿನ್ನದ ಅವರ ಬುದ್ಧಿಗೂ ಹೊಳೆದಿರಲಿಲ್ಲ. ಇಳಿಯುವಾಗ ಎರಡನೇ ಮಹಡಿಯಲ್ಲಿ ಅಮ್ಮ ನಿಂತರು. ಆಮೇಲೆ ಕೋಲನ್ನು ಮೆಟ್ಟಿಲಿಗೆ ಕುಟ್ಟಿ, "ಯಾರಿಗಾದರೂ ಹೇಳಿದರೆ ನಿನ್ನ ಕಾಲು ಮುರೀತೀನಿ" ಎಂದರು. ಅವರು ಇರುವವರೆಗೂ ಹೇಳಿರಲಿಲ್ಲ. ಈಗ ಬರೆಯುತ್ತಿದ್ದೇನೆ, ಕಾಲು ಗಟ್ಟಿಯಾಗಿದೆ.

ಗುಂಡಿ ಕಟ್ಟಿದೆ. ಆಳುಗಳ ಜೊತೆ ಬಾವಿಗಿಳಿದು ಹೂಳೆತ್ತಿದೆ. "ಮಣ್ಣು ಮುಟ್ಟಿ ಬಂದಿದೀನಿ, ಈಗ ಅಡುಗೆಮನೆಗೆ ಬರಬಹುದಾ?" ಎಂದು ತಲೆಯಿಂದ ಕಾಲಿನವರೆಗೆ ಕೆಸರಾಗಿ ಕೇಳಿದರೆ, "ನೀನು ಇಳಿದದ್ದಕ್ಕೆ ಬಾವಿಗೇ ಪ್ರಾಯಶ್ಚಿತ್ತ ಮಾಡಿಸಬೇಕು, ದೂರ ನಿಲ್ಲು" ಎಂದರು. ಮೊದಲ ಮಳೆಯಲ್ಲಿ ಮಹಡಿಯ ಕೊಳೆ ಮೋರಿಗೆ ಹೋಗಲೆಂದು ಒಂದು ವಾಲ್ವ್ ಇಟ್ಟೆ. ಅದನ್ನು ತಿರುಗಿಸುವ ಅಧಿಕಾರ ಅಮ್ಮನದೇ.

ತಮಿಳರ ಪುರಟ್ಟಾಸಿ ತಿಂಗಳು ಕಳೆಯಿತು. ಐಪ್ಪಸಿ ಹುಟ್ಟಿತು. ಟಿವಿಯವರು ದಿನವೂ ಮಳೆ ಎನ್ನುತ್ತಿದ್ದರು. "ಅವನು ಮಳೆ ಅಂದನಲ್ಲ, ಹಪ್ಪಳ ಒಣಹಾಕೇ" ಎಂದು ಅಮ್ಮ ಸೊಸೆಗೆ ಹೇಳುತ್ತಿದ್ದರು. ಬಾಯಿ ಹೀಗೆ ಹೇಳುತ್ತಿತ್ತು, ಕಣ್ಣು ಮಾತ್ರ ಸಮುದ್ರದ ಕಡೆಯ ಆಕಾಶದಲ್ಲೇ. ಇತ್ತ ರಾಯರು ಗೇಟಿನ ಪಕ್ಕ ಒಂದು ಲೋಡು ರಾಬೀಸು, ಅಂದರೆ ಕಟ್ಟಡ ಒಡೆದ ಕಲ್ಲುಮಣ್ಣು, ಇಳಿಸಿಕೊಂಡಿದ್ದರು, ಬಾವಿಗೆ ತುಂಬಲು. ಅಮ್ಮ ದಿನವೂ ಅದರ ಮುಂದೆ ಹಾದುಹೋಗುವಾಗ ಒಂದು ಕಲ್ಲನ್ನು ಕೋಲಿನಿಂದ ಬೀದಿಗೆ ಉರುಳಿಸುತ್ತಿದ್ದರು. ಆ ವೇಗದಲ್ಲಿ ಲೋಡು ಖಾಲಿಯಾಗಲು ಇನ್ನೊಂದು ಜನ್ಮ ಬೇಕಿತ್ತು.

ಹಬ್ಬಕ್ಕೆ ವಾರವಿರುವಾಗ ಒಂದು ಮಧ್ಯಾಹ್ನ ಪೂರ್ವದಲ್ಲಿ ಕಪ್ಪಾಯಿತು. ನಾನು ಅವರ ಹಿತ್ತಲಲ್ಲೇ ಇದ್ದೆ. ಮೊದಲ ಹನಿಗಳು ತಗಡಿನ ಮೇಲೆ ಬಿದ್ದದ್ದೇ ತಡ, ಅಮ್ಮ ಕೊಡೆಯಿಲ್ಲದೆ ಓಡಿಬಂದು ವಾಲ್ವಿನ ಮುಂದೆ ನಿಂತರು. ಮೋರಿಗೆ ಕಂದು ನೀರು ನೊರೆಗಟ್ಟಿ ಹರಿಯಿತು.

"ಈಗ?"

"ಇನ್ನೂ ಇಲ್ಲಮ್ಮ."

"ಈಗ?"

"ಕೊಳೆ ಹೋಗ್ಲಿ."

"ನಿಮ್ಮಮ್ಮ ನಿನ್ನ ಹೆರೋಕೂ ಹೀಗೇ ಕಾಯಿಸಿದಳೇನೋ!"

ನೀರು ತಿಳಿಯಾಯಿತು. "ಹೂಂ" ಎಂದೆ. ಎರಡು ಕೈಯಲ್ಲಿ ವಾಲ್ವ್ ತಿರುಗಿಸಿದರು. ಗುಂಡಿ ಗುಳುಗುಳು ಎಂದಿತು. ಸ್ವಲ್ಪ ಹೊತ್ತಿನ ಮೇಲೆ ಬಾವಿಯ ಆಳದಿಂದ ಸದ್ದು ಬಂತು. ಆ ವಾರ ಮಳೆ ಬಿಟ್ಟೂ ಬಿಟ್ಟೂ ಹೊಡೆಯಿತು. ಅಮ್ಮ ಬಾವಿಯನ್ನು ಬಗ್ಗಿ ನೋಡಲೇ ಇಲ್ಲ. ದೃಷ್ಟಿಯಾಗುತ್ತದೆ ಎಂದರು. ನಿಜ ಹೇಳಬೇಕೆಂದರೆ ಅವರಿಗೆ ಹೆದರಿಕೆ.

ನೀರು ತುಂಬುವ ಹಬ್ಬದ ಸಂಜೆ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಹೂವು ಸುತ್ತಿ ಇಟ್ಟಿದ್ದರು. ರಾಯರು ಬಂದಿದ್ದರು, ಅಕ್ಕ ಬಂದಿದ್ದಳು, ಸೊಸೆ ಆಫೀಸಿನಿಂದ ಬೇಗ ಬಂದಿದ್ದಳು. ರಾಟೆಗೆ ಎಣ್ಣೆ ಬಿಟ್ಟು ನಾನು ಪಕ್ಕಕ್ಕೆ ಸರಿದೆ. ಅಮ್ಮ ಕೊಡ ಇಳಿಸಿದರು. ಹಗ್ಗ ಓಡಿತು. ಠಣ್ ಎನ್ನಲಿಲ್ಲ. ಬುಳುಕ್ ಎಂದಿತು.

ಕೊಡ ಮೇಲೆ ಬಂತು, ತುಂಬಿ ತುಳುಕುತ್ತ. "ಭೇಷ್ ಅಮ್ಮಾರ, ಇನ್ನ ಆ ರಾಬೀಸ ಎಲ್ಲೆ ಒಗೀಲಿ ನಾನು?" ಎಂದರು ರಾಯರು. "ನಿಮ್ಮ ಕಾರಿನಲ್ಲಿ ತುಂಬಿಕೊಳ್ಳಿ" ಎಂದರು ಅಮ್ಮ, ಅವರ ಕಡೆ ನೋಡದೆಯೇ. ಅವರ ಕಣ್ಣು ಕೊಡದಲ್ಲಿತ್ತು. ರುಚಿ ನೋಡಬೇಕು, ಆಗಲೇ ನೋಡಬೇಕು. ಅವರ ಪಂಚಪಾತ್ರೆ ಒಳಗೆ ದೇವರ ಮನೆಯಲ್ಲಿ. ಬಾವಿಕಟ್ಟೆಯ ಮೇಲೆ ಕೈಗೆ ಸಿಕ್ಕಿದ್ದು ನನ್ನ ಸ್ಟೀಲ್ ಲೋಟ.

ಕೊಡದಲ್ಲಿ ಅದ್ದಿದರು. ಎತ್ತಿ ಹೊಯ್ದುಕೊಳ್ಳಲಿಲ್ಲ. ಕಚ್ಚಿ ಕುಡಿದರು, ಕಣ್ಣು ಮುಚ್ಚಿಕೊಂಡು, ತಳದವರೆಗೆ. ಸೊಸೆ ಬಾಯಿ ಬಿಟ್ಟುಕೊಂಡು ನಿಂತಳು. ಅಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, "ಉಪ್ಪಿಲ್ಲ" ಎಂದರು.

ನಾನು ಬಿಡುತ್ತೇನೆಯೇ? "ಅಮ್ಮಾ, ನನ್ನ ಲೋಟ ಮೈಲಿಗೆಯಾಯ್ತಲ್ಲ!"

ಅಮ್ಮ ಕೈಯಲ್ಲಿದ್ದ ಲೋಟವನ್ನು ಆಗಷ್ಟೇ ಕಂಡವರಂತೆ ನೋಡಿದರು. ಹೊಟ್ಟೆ ಕುಣಿಯತೊಡಗಿತು. ಲೋಟವನ್ನು ಕಟ್ಟೆಯ ಮೇಲಿಡಲಿಲ್ಲ, ನನ್ನ ಕೈಗೇ ಕೊಟ್ಟರು.

"ಮಣ್ಣು ಹಾಕಿ ಉಜ್ಜೋ ಮೋಟಾರಪ್ಪ, ಹೋಗುತ್ತೆ."

ಆ ಲೋಟ ನನ್ನ ಅಂಗಡಿಯಲ್ಲಿದೆ. ದಿನವೂ ಅದರಲ್ಲೇ ಕಾಫಿ. ಸೋಪು ಹಾಕುತ್ತೇನೆ, ನಾರು ಹಾಕುತ್ತೇನೆ, ಬೂದಿಯನ್ನೂ ಹಾಕಿದ್ದೇನೆ. ಮಣ್ಣು ಮಾತ್ರ ಮುಟ್ಟಿಸಿಲ್ಲ.